ಚಿಲ್ಲರೆ ವಿಷಯ

ಸಾರಿಗೆ ತಂತ್ರಜ್ಞಾನದ ಸಮ್ಮೇಳನದಲ್ಲಿ ಮಾತಾಡಬೇಕೇ? ಮೊದಲು ಸಾರಾಂಶ ಕಳಿಸಿ. ಅದರಲ್ಲಿ ‘ಸ್ಮಾರ್ಟ್’, ‘ಎಐ’, ‘ಸುಸ್ಥಿರ’ ಇಲ್ಲದಿದ್ದರೆ ಉಪ್ಪಿಲ್ಲದ ಸಾರು. 1994ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ‘ಜಾಣ ಸಾರಿಗೆ ವ್ಯವಸ್ಥೆ’ (ಐಟಿಎಸ್) ವಿಶ್ವ ಸಮ್ಮೇಳನ ನಡೆದಾಗಿನಿಂದ ಅದರದೇ ಮಾತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಮಾತ್ರ ಸುದ್ದಿ ಇನ್ನೂ ತಲುಪಿಲ್ಲ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರಬೇಕು.

ನಾನು ಆರಿಸಿಕೊಂಡ ವಿಷಯ, ಬಿಎಂಟಿಸಿ ಕಂಡಕ್ಟರ್ ಟಿಕೆಟ್ಟಿನ ಬೆನ್ನಿಗೆ ಗೀಚಿಕೊಡುವ ಚಿಲ್ಲರೆ ಬಾಕಿ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಕಿವಿಗೆ ಸಿಕ್ಕಿಸಿದ ಪೆನ್ನೊಂದು ಸಾಕು. ಇಳಿಯುವಾಗ ಕೇಳಲು ಮರೆತರೆ ಅದು ಬಳಕೆದಾರನ ದೋಷ! ‘ವಿಕೇಂದ್ರೀಕೃತ ಕಾಗದಾಧಾರಿತ ಪಾವತಿ ವ್ಯವಸ್ಥೆ’ ಅಂತ ಶೀರ್ಷಿಕೆ ಕೊಟ್ಟು ಕಳಿಸಿದ್ದೇನೆ. ಅಷ್ಟರಲ್ಲಿ ಬಸ್ಸಿಗೂ ಯುಪಿಐ ಬಂದು ನನ್ನ ಸಂಶೋಧನೆಗೇ ಕಲ್ಲು ಬಿತ್ತು.

ಅಂದಹಾಗೆ, ಹಲವು ಸಮ್ಮೇಳನಗಳಲ್ಲಿ ಆಯ್ಕೆಯಾದ ಭಾಷಣಕಾರರೂ ನೋಂದಣಿ ಶುಲ್ಕ ಕಟ್ಟಬೇಕು. ಅರ್ಜಿ ಹಾಕುವ ಮೊದಲೇ ಓದಿಕೊಳ್ಳಿ.