ಪೈಪಣ್ಣ

ಮಂಡ್ಯದಿಂದ ಮಳವಳ್ಳಿವರೆಗೆ ಯಾವ ಊರಿಗೆ ಹೋದರೂ ಶನಿವಾರ ಒಬ್ಬ ಪೈಪಣ್ಣ ಸಿಗುತ್ತಾನೆ. ಜಗಲಿ ಮೇಲೆ ಪ್ಲಾಸ್ಟಿಕ್ ಕುರ್ಚಿ, ತೊಡೆ ಮೇಲೆ ಲ್ಯಾಪ್‌ಟಾಪು, ಕಿವಿಗೆ ಹೆಡ್‌ಫೋನು, ಪಕ್ಕದಲ್ಲಿ ವಡೆ ಕಟ್ಟಿದ್ದ ಎಣ್ಣೆ ಕಾಗದ. ಬೆಂಗಳೂರು-ಮೈಸೂರು ದಶಪಥ ಬಂದ ಮೇಲೆ ಮದ್ದೂರಿಗೆ ಇಳಿಯದೆ ಹಾಗೇ ಹಾರಿ ಹೋಗುವವರೇ ಜಾಸ್ತಿ. ಇವನು ಇಳಿದು ವಡೆ ಕಟ್ಟಿಸಿಕೊಂಡು ಬರುತ್ತಾನೆ. ಅದೊಂದು ಒಳ್ಳೇ ಗುಣ.

ನಮ್ಮ ಬೀದಿಯವನಿಗೆ ಈ ಹೆಸರು ಅಂಟಿದ್ದು ಹೀಗೆ. ಎದುರುಮನೆ ದೊಡ್ಡಪ್ಪ, "ಏನ್ಲಾ ಮಗ ನಿನ್ ಕೆಲ್ಸ?" ಅಂದರು. "ಡಿಬಗರ್‌ಗೆ ಪೈಪಲ್ಲಿ ಕಮಾಂಡ್ ಬಿಡ್ತೀನಿ ದೊಡ್ಡಪ್ಪ." ದೊಡ್ಡಪ್ಪ ಗಂಭೀರವಾಗಿ, "ಎಷ್ಟಿಂಚಿಂದ್ಲಾ?" ಅಂದರು. ಆ ವಾರದಲ್ಲೇ ಇಬ್ಬರು ಡ್ರಿಪ್ಪಿನ ರೇಟು ಕೇಳಿಕೊಂಡು ಬಂದರು.

ಅವನ ಉಪಕರಣದ ಹೆಸರು ಜಿಡಿಬಿ. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದದ್ದು. ಪ್ರೋಗ್ರಾಮು ಓಡುತ್ತ ಓಡುತ್ತ ಎಲ್ಲಿ ಮುಗ್ಗರಿಸಿತು ಅಂತ ಹುಡುಕಿ ಕೊಡುತ್ತದೆ. ಗುಣ ಮಾತ್ರ ನಮ್ಮ ಹಿರಿಯರದೇ. ಒಂದು ಕೆಲಸ ಮುಗಿಸಿ ಬಂದು, ಕಂಸದೊಳಗೆ ತನ್ನ ಹೆಸರು ಬರೆದು, ಮುಂದೇನಪ್ಪ ಅಂತ ನಿಲ್ಲುತ್ತದೆ. ಪ್ರೋಗ್ರಾಮನ್ನು ನಡುವೆ ನಿಲ್ಲಿಸೋಕೆ ಇಟ್ಟ ಬ್ರೇಕ್‌ಪಾಯಿಂಟುಗಳನ್ನೆಲ್ಲ ಅಳಿಸು ಅಂದರೆ, "ಎಲ್ಲಾನೂವಾ? ವೈಯೋ, ಎನ್ನೋ?" ಅಂತ ಮತ್ತೊಂದು ಸಲ ಕೇಳುತ್ತದೆ.

ಪೈಪಣ್ಣನಿಗೆ ಆಗದೇ ಇರುವುದು ಇದೊಂದೇ, ಪ್ರಶ್ನೆ. ಕಮಾಂಡುಗಳನ್ನೆಲ್ಲ ಸಾಲಾಗಿ ಬರೆದಿಟ್ಟು, ತೂಬು ಎತ್ತಿದ ಹಾಗೆ ಪೈಪಿಗೆ ಬಿಟ್ಟು, ಮುದ್ದೆ ಉಣ್ಣಲು ಎದ್ದು ಹೋಗುತ್ತಾನೆ.

ಕೀಬೋರ್ಡಿನ ಮುಂದೆ ಮನುಷ್ಯ ಇಲ್ಲ ಅನ್ನೋದು ಜಿಡಿಬಿಗೆ ಗೊತ್ತಾಗುತ್ತದೆ. ಆಗ ಪ್ರಶ್ನೆಯನ್ನೂ ತಾನೇ ಕೇಳಿ ಉತ್ತರವನ್ನೂ ತಾನೇ ಹೇಳಿಕೊಂಡು, 'ವೈ ಅಂದಿದ್ದೀನಿ. ಇನ್‌ಪುಟ್ ಟರ್ಮಿನಲ್ಲಿಂದ ಬಂದದ್ದಲ್ಲ' ಅಂತ ಷರಾ ಬರೆಯುತ್ತದೆ. ಎಲ್ಲದಕ್ಕೂ ವೈ ಅನ್ನುವಷ್ಟು ಪೆದ್ದು ಅಲ್ಲ. ಲೈಬ್ರರಿ ಇನ್ನೂ ಬಂದಿಲ್ಲ, ಬರೋವರೆಗೂ ಬ್ರೇಕ್‌ಪಾಯಿಂಟನ್ನು ಕಾಯ್ದಿಡಲಾ ಅನ್ನುವ ಪ್ರಶ್ನೆಗೆ ಎನ್ ಅಂದುಕೊಂಡು ಸುಮ್ಮನಾಗುತ್ತದೆ. ಪ್ರೋಗ್ರಾಮು ಮದ್ದೂರಲ್ಲಿ ನಿಲ್ಲದ ಬಸ್ಸಿನ ಹಾಗೆ ಹೊರಟೇ ಹೋಗುತ್ತದೆ.

ಇದಕ್ಕಿಂತ ಮಜಾ ಇನ್ನೊಂದಿದೆ. ಪರೀಕ್ಷೆಗೆ ಒಳಗಾದ ಪ್ರೋಗ್ರಾಮೂ ಅದೇ ಪೈಪಿಗೆ ಬಾಯಿ ಹಾಕುತ್ತದೆ. ಅದು ಏನಾದರೂ ಓದುವ ಜಾತಿಯದಾದರೆ ಜಿಡಿಬಿಗೆ ಅಂತ ಬಿಟ್ಟ ಕಮಾಂಡುಗಳನ್ನು ನಡುದಾರಿಯಲ್ಲೇ ಕುಡಿದುಬಿಡುತ್ತದೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ತುಳುಕಿದರೂ ಮೇಲಿನ ತೂಬಿನವನು ತಿರುಗಿಸಿಕೊಂಡರೆ ಮಳವಳ್ಳಿಯ ಕೊನೇ ಗದ್ದೆಯವನು ಏನು ಮಾಡಬೇಕು? ಗದ್ದೆ ಬಿಟ್ಟು ಎದ್ದು ಹೋಗಬೇಕು. ಜಿಡಿಬಿಯೂ ಅದನ್ನೇ ಮಾಡುತ್ತದೆ. ಪೈಪು ಬತ್ತಿತು ಅಂತ ಗೊತ್ತಾದ ಕೂಡಲೆ ಓಡುತ್ತಿರುವ ಪ್ರೋಗ್ರಾಮಿನ ಕತ್ತು ಹಿಚುಕಿ, ತಾನೂ ಎದ್ದು ಹೋಗುತ್ತದೆ. ಕಮಾಂಡನ್ನು ಫೈಲಲ್ಲಿಟ್ಟು ಬ್ಯಾಚಲ್ಲಿ ಓಡಿಸು, ಪ್ರೋಗ್ರಾಮಿಗೆ ಬೇರೆ ಕಾಲುವೆ ತೋಡು ಅಂತ ಆಫೀಸಿನ ಹಿರಿಯರು ಹೇಳಿದ್ದಾರಂತೆ. ಇವನು ಹ್ಞೂಂ ಅಂದಿದ್ದಾನೆ.

ಹ್ಞೂಂ ಅನ್ನುವುದಕ್ಕೆ ಅವನಿಗೆ ಕೇಳಿಸಬೇಕು ಅಂತೇನಿಲ್ಲ. "ಉಪ್ಸಾರು ಸಾಕೇನ್ಲಾ?" ಹ್ಞೂಂ. "ಎಮ್ಮೆ ಮಾರ್ಬುಡನೇನ್ಲಾ?" ಹ್ಞೂಂ. "ಭಾನ್ವಾರ ಮಳವಳ್ಳಿಗೆ ಹೆಣ್ಣು ನೋಡಕ್ಕೆ ಹೋಗನೇನ್ಲಾ?" ಹ್ಞೂಂ. ಎಮ್ಮೆ ಶನಿವಾರ ಸಂಜೆಗೇ ಹೋಯಿತು. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗದ ಹುಡುಗರು ಕೆ.ಎಂ.ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದ ಜಿಲ್ಲೆ ಇದು. ಹ್ಞೂಂ ಬಂದದ್ದು ಟರ್ಮಿನಲ್ಲಿಂದಲೋ ಅಲ್ಲವೋ ಅಂತ ಹೆತ್ತವ್ವ ನೋಡುತ್ತ ಕೂರುತ್ತಾಳೆಯೇ?

ಕಾರಿನಲ್ಲಿ ಒಂದು ಸೀಟು ಖಾಲಿ ಇತ್ತು, ನಾನೂ ಹೋದೆ. ಪೈಪಣ್ಣ ರಾತ್ರಿಯೆಲ್ಲ ಕೂತು ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದ. ಸಂಬಳ, ಜಮೀನು, ವಯಸ್ಸು, ಒಡಹುಟ್ಟಿದವರು. ಇದೇ ಕ್ರಮದಲ್ಲಿ ಕೇಳುತ್ತಾರೆ ಅಂತ ಅವ್ವ ಭರವಸೆ ಕೊಟ್ಟಿದ್ದರು.

ಹುಡುಗಿಯ ತಾತ ಎಲೆಅಡಿಕೆ ಹಾಕಿಕೊಂಡು ಶುರು ಮಾಡಿದರು. "ಬೆಂಗ್ಳೂರಿಂದ ಬಂದ್ರಂತೆ. ಟೋಲು ಎಷ್ಟ್ ಕಿತ್ಕಂಡ್ರಪ್ಪ?"

"ಹದಿನೆಂಟು ಲಕ್ಷ."

ತಾತನ ದವಡೆ ನಿಂತಿತು. "ಅಯ್ಯೋ ಶಿವನೇ! ಸಂಬ್ಳ ಎಷ್ಟು ಬತ್ತದೆ ಹಂಗಾರೆ?"

"ಮೂರು ಎಕರೆ."

"ಜಮೀನು?"

"ಮೂವತ್ತು."

ತಾತನ ಮುಖ ಅರಳಿತು. ಮೂವತ್ತು ಎಕರೆ ಅಂದರೆ ಸುಮ್ಮನೆಯೇ! "ವಯಸ್ಸೆಷ್ಟಪ್ಪ?"

"ಒಬ್ಬಳು ತಂಗಿ."

ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟಗಳು ಕುಣಿದವು. ಹುಡುಗಿ, 1962ರಿಂದ ಈ ಜಿಲ್ಲೆಗೆ ಇಂಜಿನಿಯರುಗಳನ್ನು ಹೆತ್ತು ಕೊಡುತ್ತಿರುವ ಪಿಇಎಸ್ ಕಾಲೇಜಿನಲ್ಲಿ ಕಂಪ್ಯೂಟರು ಓದಿದವಳು. ನಗು ತಡೆದುಕೊಂಡು, "ತಾತ, ಮೊದಲನೇ ಪ್ರಶ್ನೆ ವಾಪಸ್ ತಗೊಳ್ಳಿ, ಎಲ್ಲಾ ಸರಿಹೋಗುತ್ತೆ" ಅಂದಳು.

ತಾತನಿಗೆ ಅರ್ಥವಾಗಲಿಲ್ಲ. "ಅದೆಲ್ಲ ಇರ್ಲಿ, ಹುಡ್ಗಿ ಒಪ್ಗೆ ಏನಪ್ಪ ನಿಂಗೆ?"

ಪೈಪು ಬತ್ತಿತ್ತು. ಪೈಪಣ್ಣ ಎದ್ದ, ಚಪ್ಪಲಿ ಮೆಟ್ಟಿದ, ಕಾರಿನಲ್ಲಿ ಹೋಗಿ ಕೂತ. ಅವನ ಪಾಲಿನ ಕಾಫಿಯನ್ನೂ ನಾನೇ ಕುಡಿದೆ.

ಮುಂದಿನ ಶನಿವಾರ ಜಗಲಿ ಮೇಲೆ ಮತ್ತೆ ಅದೇ ಕುರ್ಚಿ, ಅದೇ ಹೆಡ್‌ಫೋನು. ಒಳಗಿಂದ ಅವನವ್ವ ಕೂಗಿದರು. "ಲೋ, ಮಳವಳ್ಳಿಯಿಂದ ಫೋನ್ ಬಂದದೆ. ಆ ಹುಡ್ಗಿ ನಿನ್ ಕೂಡೆ ಮಾತಾಡ್ಬೇಕಂತೆ ಕಣ್ಲಾ."

ಪೈಪಣ್ಣ ಹೆಡ್‌ಫೋನು ತೆಗೆದು ಕುರ್ಚಿ ಹಿಂದಕ್ಕೆ ತಳ್ಳಿದ. "ಏನಂದೆ ಅವ್ವಾ? ಇನ್ನೊಂದ್ ಸಲ ಹೇಳು."