ಚರಗದ ಮಾಮಾ

ಕಲಬುರಗಿಯಲ್ಲಿ ಬಡಾವಣೆಗೊಬ್ಬರಂತೆ ಇವರು ಇದ್ದೇ ಇರುತ್ತಾರೆ. ವಯಸ್ಸು ಅರವತ್ತರ ಆಚೀಚೆ. ಯಾವುದೋ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮೂವತ್ತು-ನಲವತ್ತರ ಸೈಟಿನಲ್ಲಿ ಎರಡಂತಸ್ತಿನ ಮನೆ. ಮಣ್ಣೆಂಬುದು ಇವರ ಒಡೆತನದಲ್ಲಿ ಇರುವುದು ತುಳಸಿ ಕಟ್ಟೆಯೊಳಗೆ ಮಾತ್ರ. ಆದರೆ ಹೊಲದಲ್ಲೇ ಪೂಜೆ, ಊಟ ನಡೆಯುವ ಎಳ್ಳಮಾವಾಸಿ ಹತ್ತಿರ ಬಂದಿತೆಂದರೆ ಜಿಲ್ಲೆಯಲ್ಲಿ ಇವರಿಗಿಂತ ದೊಡ್ಡ ಒಕ್ಕಲಿಗ ಯಾರೂ ಇಲ್ಲ. ಓಣಿಯ ಹುಡುಗರು ಇವರಿಗೆ ಇಟ್ಟ ಹೆಸರು ಚರಗದ ಮಾಮಾ.

ಮಾಮಾನ ಹಂಗಾಮು ದೀಪಾವಳಿ ಪಾಡ್ಯ ಮುಗಿದ ಮರುದಿನವೇ ಶುರು. ಫೋನಿನಲ್ಲಿರುವ ಹೆಸರುಗಳಲ್ಲಿ ಹೊಲ ಇದ್ದವರು, ಹೊಲಕ್ಕೆ ಕಾರು ಹೋಗುವ ದಾರಿ ಇದ್ದವರು, ಹೊಲದಲ್ಲಿ ನೆರಳಿನ ಗಿಡ ಇದ್ದವರು, ಹೀಗೆ ಜರಡಿ ಹಿಡಿಯುತ್ತ ಹೋಗುತ್ತಾರೆ. ಕಡೆಗೆ ಉಳಿಯುವವರು ಹೆಚ್ಚಾಗಿ ಕಮಲಾಪುರ ಕಡೆಯವರು. ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ್ ಕ್ರಾಸ್ ದಾಟಿದರೆ ಬಂತು. ರಸ್ತೆ ಛಲೋ ಅದ, ಕಾರಿಗೆ ಧೂಳು ಕಮ್ಮಿ. ಆಮೇಲೆ ಒಂದು ಫೋನು:

“ಏನ್ರಿ, ತೊಗರಿ ಹೆಂಗದ?”

“ಛಲೋ ಅದ್ರಿ ಮಾಮಾ.”

“ಸುಲಗಾಯಿ ಬಂದಾವೇನು?”

“ಅಮಾವಾಸಿ ಹೊತ್ತಿಗಿ ಬರ್ತಾವ್ರಿ.”

“ಹೌದಲ್ಲ, ಅಮಾವಾಸಿ ಬಂತಲ್ಲ! ನನಗ ನೆನಪೇ ಇರಲಿಲ್ಲ ನೋಡ್ರಿ.”

ಇಷ್ಟು ಅಂದು ಮಾಮಾ ಸುಮ್ಮನಾಗುತ್ತಾರೆ. ಆ ಮೌನವನ್ನು ತಡೆದುಕೊಳ್ಳುವ ಶಕ್ತಿ ಈ ಸೀಮೆಯ ಯಾವ ಒಕ್ಕಲಿಗನಿಗೂ ಇಲ್ಲ. “ಬರ್ರಿ ಮತ್ತ, ಮನಿಮಂದಿ ಎಲ್ಲಾ ಕರ್ಕೊಂಡು ಬರ್ರಿ” ಎಂಬ ಮಾತು ತಾನಾಗಿ ಬಾಯಿಂದ ಬಿದ್ದುಬಿಡುತ್ತದೆ. ಮಾಮಾ ಯಾರನ್ನೂ ಕೇಳಿ ಹೋದವರಲ್ಲ. ಕರೆಯದೆ ಹೋದವರೂ ಅಲ್ಲ.

ನೆನಪಿರಲಿಲ್ಲ ಎಂದದ್ದು ಶುದ್ಧ ಸುಳ್ಳು. ಹೊಸ ಪಂಚಾಂಗ ಕೈಗೆ ಬಂದೊಡನೆ ಯುಗಾದಿ ಫಲ ಬಿಟ್ಟು ಮೊದಲು ಎಳ್ಳಮಾವಾಸಿ ಬೀಳುವ ಮಾರ್ಗಶಿರ ತೆಗೆಯುವವರು ಅವರು. 2023 ಅವರ ಪಾಲಿಗೆ ಬರಗಾಲದ ವರ್ಷ. ಶ್ರಾವಣ ಅಧಿಕ ಬಂದು ಹಬ್ಬಗಳೆಲ್ಲ ಮುಂದಕ್ಕೆ ಜಾರಿದವು. 2022ರ ಡಿಸೆಂಬರ್ 23ಕ್ಕೆ ಆದ ಎಳ್ಳಮಾವಾಸಿ ಮತ್ತೆ ಬಂದದ್ದು 2024ರ ಜನವರಿ 11ಕ್ಕೆ. ನಡುವಿನ ಇಡೀ ಇಸವಿ ಖಾಲಿ! ಆ ವರ್ಷ ಮಾಮಾ ತೂಕ ಇಳಿದಿದ್ದರೆಂದು ಅವರ ಮನೆಯವರು ಹೇಳುತ್ತಾರೆ. 2024 ಮಾತ್ರ ಬಾಕಿ ಚುಕ್ತಾ ಮಾಡಿತು. ಜನವರಿ 11ಕ್ಕೆ ಒಂದು, ಡಿಸೆಂಬರ್ 30ಕ್ಕೆ ಇನ್ನೊಂದು. ಸಾಲದ್ದಕ್ಕೆ ಮೊದಲನೆಯದರ ಬೆನ್ನಿಗೇ ಭೋಗಿ, ಸಂಕ್ರಾಂತಿ. ಒಂದೇ ವಾರದಲ್ಲಿ ಎರಡೆರಡು ಸಲ ಭಜ್ಜಿ, ಸಜ್ಜಿ ರೊಟ್ಟಿ.

ಎಳ್ಳಮಾವಾಸಿ ದಿನ ಹೊಲದವರ ಮನೆಯಲ್ಲಿ ಹೆಂಗಸರು ನಸುಕಿನ ಮೂರಕ್ಕೆ ಎದ್ದಿರುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಎರಡು ದಿನ ಮೊದಲೇ ಬಡಿದು ಕಟಕು ಮಾಡಿ ಇಟ್ಟದ್ದು. ಭಜ್ಜಿ, ಜೋಳದ ಕಡಬು, ಶೇಂಗಾ ಹೋಳಿಗಿ, ಎಳ್ಳ ಹೋಳಿಗಿ, ಅಗಸಿ ಹಿಂಡಿ, ಮಜ್ಜಿಗಿ ಹಾಕಿದ ಅಂಬಲಿಯ ಕೊಡ, ಎಲ್ಲ ಬುತ್ತಿ ಕಟ್ಟಿಕೊಂಡು ಹತ್ತರೊಳಗೆ ಹೊಲ ಸೇರಬೇಕು. ಮಾಮಾ ಹನ್ನೊಂದೂವರೆಗೆ ಇಳಿಯುತ್ತಾರೆ. ಇಸ್ತ್ರಿ ಮುರಿಯದ ಧೋತರ, ಸೂಪರ್ ಮಾರ್ಕೆಟ್‌ನಲ್ಲಿ ಹಿಂದಿನ ಸಂಜೆ ಕೊಂಡ ಹೊಸ ಟಾವೆಲು. ಹಿಂದಿನ ಸೀಟಿನಿಂದ, ಲೆಕ್ಕಕ್ಕೆ ಇಲ್ಲದ, ಬಾಜೂ ಮನೆಯ ನಾಲ್ವರು.

ಇಳಿದವರೇ ತಪಾಸಣೆಗೆ ಹೊರಡುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಹಚ್ಚಿ, ಕುಂಕುಮ ಇಟ್ಟ ಐದು ಕಲ್ಲು, ಪಾಂಡವರು. ಪದ್ಧತಿ ಮನೆಯಿಂದ ಮನೆಗೆ ಬೇರೆ ಎಂಬುದು ಮಾಮಾನಿಗೆ ಒಪ್ಪಿಗೆಯಿಲ್ಲ. ಒಂದು ಸಲ ಕೇಳಿಯೇಬಿಟ್ಟರು: “ಐದೇ ಅವಲ್ರಿ. ದ್ರೌಪದಿ ಎಲ್ಲಿ?” ಹೊಲದ ಮುದುಕಿ ತಲೆ ಎತ್ತದೆ ಹೇಳಿದಳು: “ಆ ಗಿಡದ ಕೆಳಗ ಬುತ್ತಿ ಬಿಚ್ಚಲಾಕತ್ಯಾಳ ನೋಡ್ರಿ. ನಸಿಕಿಲಿಂದ ನಿಂತೇ ಅದಾಳ.” ಮಾಮಾ ಕೆಮ್ಮಿ, ಟಾವೆಲು ಸರಿಮಾಡಿಕೊಂಡರು.

ಇನ್ನು ಚರಗ. ತೆನೆ ತುಂಬುವ ಭೂಮಿತಾಯಿ ಬಸುರಿ. ಅವಳ ಬಯಕೆಗೆಂದು ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ತುಂಬ ಎರಚಬೇಕು. ಹಕ್ಕಿ, ಇರುವೆ, ಹುಳಹುಪ್ಪಡಿಗೂ ಅದರಲ್ಲಿ ಪಾಲು. ಇಡೀ ಹೊಲ ಸುತ್ತಬೇಕಾದ ಕೆಲಸ. ಮಾಮಾ ಒಂದು ಹಿಡಿ ಎರಚುತ್ತಾರೆ, ಅದೂ ಮೊಬೈಲಿನ ಕಡೆ ಮುಖ ಮಾಡಿ. ಫೋಟೋ ಸರಿ ಬರದಿದ್ದರೆ ಇನ್ನೊಂದು ಹಿಡಿ. ಉಳಿದ ನಾಲ್ಕು ಎಕರೆ ಹೊಲದ ಹುಡುಗರ ಪಾಲು.

ಊಟಕ್ಕೆ ಕೂತಾಗ ಮಾತ್ರ ಮಾಮಾನ ವಿದ್ಯೆ ನಿಜವಾದದ್ದು ಎಂದು ಒಪ್ಪಲೇಬೇಕು. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿಕಾಳು, ಹಸಿ ಕಡ್ಲಿ, ಅವರಿಕಾಳು, ಬದನಿಕಾಯಿ, ಗಜ್ಜರಿ, ಮೆಂತೆ, ಉಳ್ಳಾಗಡ್ಡಿ ತಪ್ಲ, ಆ ಹೊತ್ತಿಗೆ ಹೊಲದಲ್ಲೋ ಸಂತೆಯಲ್ಲೋ ಸಿಕ್ಕ ಹಸಿರೆಲ್ಲ ಹುಣಸಿ ಹುಳಿಯಲ್ಲಿ ಕುದಿದು, ಕಡ್ಲಿ ಹಿಟ್ಟಿನಲ್ಲಿ ಗಟ್ಟಿಯಾದದ್ದು. ಮಾಮಾ ರೊಟ್ಟಿ ಮುರಿದು ಮೊದಲ ತುತ್ತಿಗೆ ಕಣ್ಣು ಮುಚ್ಚುತ್ತಾರೆ. “ಹುಣಸಿ ಒಂದು ಬಟ್ಟು ಮುಂದ ಹೋಗ್ಯಾದ.” ಎರಡನೆಯದಕ್ಕೆ: “ಹಿಟ್ಟು ಗಂಟಾಗಿಲ್ಲ, ಛಲೋ ಆತು.” ಮೂರನೆಯದಕ್ಕೆ: “ಅವರಿಕಾಳು ಗಂಜಿನ ಕಡಿವು, ಹೊಲದವಲ್ಲ.” ಬಡಿಸುತ್ತಿದ್ದ ಸೊಸೆ ಗಂಡನ ಮುಖ ನೋಡುತ್ತಾಳೆ. ಅವು ಗಂಜಿನ ಪೇಟೆಯಿಂದ ಕೊಂಡು ತಂದವೇ. ನಾಲ್ಕನೆಯ ತುತ್ತಿನಿಂದ ವಿಮರ್ಶೆ ನಿಲ್ಲುತ್ತದೆ, ಊಟ ಶುರುವಾಗುತ್ತದೆ.

2022ರ ಚಳಿಗಾಲದಲ್ಲಿ ನೆಟೆ ರೋಗ ಬಿದ್ದು ಕಲಬುರಗಿ ಸೀಮೆಯ ತೊಗರಿ ನಿಂತಲ್ಲೇ ಒಣಗಿತ್ತು. ಆ ಸಲವೂ ಮಾಮಾ ಹೋದರು, ಆ ಸಲವೂ ಭಜ್ಜಿ ಇತ್ತು. ಒಣಗಿದ ಸಾಲಿನ ಪಕ್ಕದಲ್ಲೇ ಕೂತು, “ಸರ್ಕಾರ ಏನಾರ ಕೊಡ್ತದ ಬಿಡ್ರಿ” ಎಂದು ಮೂರನೇ ಹೋಳಿಗಿಗೆ ತುಪ್ಪ ಹಾಕಿಸಿಕೊಂಡರು. ಹೊಲದವನು ನಕ್ಕು ಸುಮ್ಮನಾದ. ನನಗೆ ಮಾಮಾನ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಅದೊಂದೇ ಸಲ.

ಹೊರಡುವಾಗ ಡಿಕ್ಕಿ ತುಂಬುವ ಕಾರ್ಯಕ್ರಮ. ಸುಲಗಾಯಿಯ (ಹಸಿ ಕಡ್ಲಿಯ) ಹೊರೆ, ಹಸಿ ತೊಗರಿ, ನಾಲ್ಕು ಗಳ ಕಬ್ಬು. ಆಮೇಲೆ ಕಮಲಾಪುರದ ರಸ್ತೆ ಬದಿಯಲ್ಲಿ ಕಾರು ನಿಲ್ಲುತ್ತದೆ, ಕೆಂಪು ಬಾಳೆಹಣ್ಣಿಗೆ. “ಜಿಐ ಟ್ಯಾಗ್ ಬಂದ ಹಣ್ಣು ಇದು, ಸಾದಾ ಬಾಳೆ ಅಲ್ಲ” ಎಂದು ಮಾಮಾ ಜೊತೆಗಿದ್ದವರಿಗೆ ವಿವರಿಸುತ್ತಿರುವಾಗ, ಬೀಳ್ಕೊಡಲು ಬೈಕಿನಲ್ಲಿ ಬಂದ ಹೊಲದವನು ರೊಕ್ಕ ಕೊಟ್ಟುಬಿಟ್ಟಿರುತ್ತಾನೆ. ರಾತ್ರಿ ವಾಟ್ಸಾಪ್ ಸ್ಟೇಟಸ್: ‘ನಮ್ಮ ಹೊಲದಾಗ ಎಳ್ಳಮಾವಾಸಿ’. ಮರುದಿನ ಓಣಿಗೆಲ್ಲ ಸುಲಗಾಯಿ ಹಂಚಿಕೆ, “ತಗೋರಿ, ಹೊಲದಾಗಿಂದು.”

ಮಾಮಾ ತಮ್ಮ ಮನೆಯ ಹಬ್ಬಕ್ಕೆ ಯಾರನ್ನು ಯಾವಾಗ ಕರೆದರು ಎಂದು ಕೇಳಬೇಡಿ. ಪಂಚಮಿಗೆ ಮನೆಯವರಿಗೆ ಮೊಣಕಾಲು ನೋವು, ದೀಪಾವಳಿಗೆ ಬಣ್ಣ ಬಳಿಯುವ ಕೆಲಸ, ಯುಗಾದಿಗೆ ಒಂದು ಲೋಟ ಬೇವು ಕೊಟ್ಟು ಬಾಗಿಲವರೆಗೆ ಕಳಿಸುತ್ತಾರೆ.

ಹಾಗಿದ್ದರೂ ಇವರನ್ನು ಕರೆಯುವುದು ಯಾಕೆ ನಿಂತಿಲ್ಲ? ಕಮಲಾಪುರ ಕಡೆಯ ಹೊಲಗಳ ಮಕ್ಕಳು ಪುಣೆ, ಹೈದರಾಬಾದ್, ಬೆಂಗಳೂರು ಸೇರಿದ್ದಾರೆ. ಕೊಡ ತುಂಬ ಅಂಬಲಿ ಮಾಡಿ, ಕುಡಿಯಲು ಮೂರೇ ಜನ ಇದ್ದರೆ ಮಾಡಿದವರ ಕೈಗೆ ಹಬ್ಬ ಅನ್ನಿಸುವುದಿಲ್ಲ. ಮಾಮಾ ಬಂದರೆ ಪಂಕ್ತಿ ತುಂಬುತ್ತದೆ. ಯಾರ ಭಜ್ಜಿ ಹೆಂಗಿತ್ತೆಂಬ ಸುದ್ದಿ ವಾರದೊಳಗೆ ಕಲಬುರಗಿಯ ಬೀಗರ ಮನೆಯೆಲ್ಲ ಮುಟ್ಟುತ್ತದೆ. ಆ ಸೊಸೆ ಕೂಡ ಮುಂದಿನ ಸಲ ಅವರಿಕಾಳು ಹೊಲದಲ್ಲೇ ಹಾಕಿಸಿದಳು. ಮಾಮಾ ಬಂದು ಉಂಡು ಹೇಳಲಿ ಎಂದು.

ಆದ್ದರಿಂದ ಹೊಲ ಇದ್ದವರಲ್ಲಿ ಒಂದು ವಿನಂತಿ. ಈ ಸಲವೂ ಮಾಮಾನನ್ನು ಕರೆಯಿರಿ, ಆದರೆ ನಸುಕಿನ ಮೂರಕ್ಕೇ ಕರೆಯಿರಿ. ಅಂಬಲಿಯ ಕೊಡ ಹೊರಲು ಒಂದು ತಲೆ ಯಾವಾಗಲೂ ಕಮ್ಮಿ ಬೀಳುತ್ತದೆ.