ಶಬ್ದ ನಿಂತಿತು, ಸೈಕಲ್ ನಿಲ್ಲಲಿಲ್ಲ

ನಂದಿ ಬೆಟ್ಟ ಇಳಿಯುವ ಕೆಲವು ಮೌಂಟನ್ ಬೈಕ್‌ಗಳು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತವೆ. ಡಿಸ್ಕ್ ಬ್ರೇಕ್ ಕಿರ್ರೋ ಎಂದು ಅರಚುತ್ತದೆ. ಲಿವರ್ ಎಷ್ಟು ಹಿಂಡಿದರೂ ಗಾಡಿ ತನ್ನ ಪಾಡಿಗೆ ಇಳಿಯುತ್ತಲೇ ಇರುತ್ತದೆ. ಕೂಗಾಟ ಜಾಸ್ತಿ, ಕೆಲಸ ಕಮ್ಮಿ.

ಈ ಅರಚಾಟ ತಡೆಯಲಾರದೆ ಪಕ್ಕದ ಮನೆ ರಾಯರು ಮಗನ ಸೈಕಲ್ಲಿನ ಡಿಸ್ಕಿಗೆ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟರು. ಶಬ್ದ ನಿಂತಿತು, ಸೈಕಲ್ ನಿಲ್ಲಲಿಲ್ಲ. "ನಿಲ್ಲಿಸೋಕೆ ಕಾಂಪೌಂಡ್ ಇದೆಯಲ್ಲಪ್ಪಾ" ಅಂದ ಮಗ, ಮೊಣಕೈ ಊದುತ್ತಾ.

ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ದಾರಿಗೆ ಬರುವುದು ಕಷ್ಟ. ಉಪ್ಪುಕಾಗದದಲ್ಲಿ ಉಜ್ಜಿ ನೋಡಬಹುದು, ಹೊಸದು ಹಾಕುವುದೇ ವಾಸಿ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದ ಮೇಲೆ ಬೆರಳೂ ತಾಗಿಸಬಾರದು, ಅಷ್ಟು ಮಡಿ. ಹೊಸ ಪ್ಯಾಡಿಗೂ ಮೊದಲ ದಿನವೇ ಹಿಡಿತ ಬರುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಜೋರಾಗಿ ತುಳಿದು, ಚಕ್ರ ಜಾಮ್ ಆಗದಂತೆ ಬ್ರೇಕ್ ಒತ್ತಿ, ಇನ್ನೇನು ನಿಂತಿತು ಎನ್ನುವಾಗ ಬಿಟ್ಟು, ಮತ್ತೆ ತುಳಿಯಬೇಕು. ಹೀಗೆ ಹತ್ತಿಪ್ಪತ್ತು ಸಲ. ಪ್ಯಾಡಿನ ಸರಕು ಡಿಸ್ಕಿಗೆ ತೆಳ್ಳಗೆ ಅಂಟಿದರೇ ಹಿಡಿತ. ನೋಡುವ ಬಡಾವಣೆಯವರು "ಪಾಪ, ಏನೋ ಕಳಕೊಂಡಿದ್ದಾನೆ" ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ಆಮೇಲೂ ಹಿಡಿತ ಬರದಿದ್ದರೆ, ನಿಮ್ಮದು ಕೇಬಲ್ ಎಳೆಯುವ ಬ್ರೇಕ್ ಆಗಿದ್ದಲ್ಲಿ, ತುಕ್ಕು ಹಿಡಿದ ಕೇಬಲ್ ಬದಲಿಸಿ, ಅಗ್ಗದ ಮದ್ದು. ಸಾಲದಿದ್ದರೆ 160 ಮಿಲಿಮೀಟರ್ ಡಿಸ್ಕಿನ ಜಾಗಕ್ಕೆ 180ರದ್ದು, ಫೋರ್ಕ್ ತಡೆಯುವುದಾದರೆ. ಹೈಡ್ರಾಲಿಕ್ ಲಿವರ್ ಮೆತ್ತಗಾಗಿದ್ದರೆ ಬಹುಪಾಲು ಒಳಗೆ ಗಾಳಿ ಸೇರಿರುತ್ತದೆ, ಬ್ಲೀಡ್ ಮಾಡಿಸಿ ಅದನ್ನು ಹೊರಗೆ ಹಾಕಬೇಕು. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ಲೇ ಆಗಬೇಕು. ಮೋಟಾರ್ ಬೈಕಿನ ಡಾಟ್ ದ್ರವ ಹಾಕಿದರೆ ಸೀಲ್ ಹಾಳು. ಅಂಗಡಿ ಹುಡುಗ "ಎಲ್ಲಾ ಒಂದೇ ಸಾರ್" ಅಂದರೆ ಮೊದಲು ಅವನ ಕೈಯಿಂದ ಬಾಟಲಿ ಕಸಿದುಕೊಳ್ಳಿ.